ಯಂತ್ರಗಳೊಳಗಣ ಕಾಲನಿಯಮ

ಗಣಕಯಂತ್ರವೆಂದೊಡನೆ ನಮ್ಮ ಓದುಗರ ಕಣ್ಣ ಮುಂದೆ ಮೇಜಿನ ಮೇಲಿನ ಪೆಟ್ಟಿಗೆಯಾಗಲಿ ಕೈಯಲ್ಲಿ ಹಿಡಿಯುವ ಫೋನಾಗಲಿ ನಿಲ್ಲುವುದು ಸಹಜವು. ಆದರೆ ಲೋಕದಲ್ಲಿರುವ ಗಣಕಗಳಲ್ಲಿ ಬಹುಪಾಲು ಹೀಗೆ ಕಣ್ಣಿಗೆ ಬೀಳತಕ್ಕವುಗಳಲ್ಲ. ಬಟ್ಟೆ ಒಗೆಯುವ ಯಂತ್ರದಲ್ಲಿಯೂ, ಮೋಟಾರು ಕಾರಿನ ಬ್ರೇಕಿನಲ್ಲಿಯೂ, ಆಸ್ಪತ್ರೆಯಲ್ಲಿ ರೋಗಿಗೆ ಉಸಿರು ಕೊಡುವ ವೆಂಟಿಲೇಟರಿನಲ್ಲಿಯೂ ಬೆರಳಿನ ಉಗುರಿನಷ್ಟು ಚಿಕ್ಕ ಗಣಕಗಳು ಅಡಗಿ ಕುಳಿತು, ತಮ್ಮ ಪಾಲಿಗೆ ಬಂದ ಕೆಲಸವನ್ನು ಹಗಲಿರುಳು ಮಾಡುತ್ತಿರುವುವು. ಇವುಗಳಿಗೆ ಎಂಬೆಡೆಡ್ ಕಂಪ್ಯೂಟರುಗಳೆಂದು ಹೆಸರು. ನಾವು ಇಲ್ಲಿ ಅಡಕಗಣಕಗಳೆಂದು ಕರೆಯೋಣ.

ಈ ಶಾಲೆಯಲ್ಲಿ ಓದಿದವರಲ್ಲಿಯೂ, ಓದುತ್ತಿರುವ ಮಕ್ಕಳ ಅಕ್ಕಂದಿರು ಅಣ್ಣಂದಿರಲ್ಲಿಯೂ ಇಂಥ ಗಣಕಗಳಿಗೆ ಬುದ್ಧಿ ಕಲಿಸುವ ಉದ್ಯೋಗವನ್ನು ಹಿಡಿದವರು ಇದ್ದಾರು. ಅವರು ಮನೆಗೆ ಬಂದಾಗ ತಮ್ಮ ಕೆಲಸವೇನೆಂಬುದನ್ನು ತಾಯಿತಂದೆಗಳಿಗೆ ತಿಳಿಸಲು ಮಾತು ಸಾಲದೆ ಸುಮ್ಮನಾಗುವುದುಂಟು. ಆದಕಾರಣ ಆ ಕೆಲಸದಲ್ಲಿ ಎಲ್ಲಕ್ಕೂ ಮೊದಲು ಬರುವ ಒಂದು ಪ್ರಶ್ನೆಯನ್ನು, ಅಂದರೆ ಅಡಕಗಣಕಕ್ಕೆ ತಕ್ಕ ಕಾರ್ಯವ್ಯವಸ್ಥೆಯನ್ನು ಆರಿಸುವುದು ಹೇಗೆಂಬುದನ್ನು, ಎಲ್ಲರಿಗೂ ತಿಳಿಯುವ ಹಾಗೆ ವಿವರಿಸಲು ಯತ್ನಿಸುತ್ತೇವೆ.

ಇಂಥ ಚಿಕ್ಕ ಗಣಕವು ಸಾಮಾನ್ಯವಾಗಿ ಒಂದು ಕ್ಷಣದಲ್ಲಿ ಒಂದೇ ಕೆಲಸವನ್ನು ಮಾಡಬಲ್ಲುದು. ಆದರೆ ಅದಕ್ಕೆ ಒಪ್ಪಿಸಿರುವ ಕೆಲಸಗಳು ಹಲವು. ಯಾವ ಕೆಲಸವು ಈಗ ನಡೆಯಬೇಕು, ಯಾವುದು ಕಾಯಬೇಕು, ಯಾವುದನ್ನು ಅರ್ಧಕ್ಕೆ ನಿಲ್ಲಿಸಿ ಯಾವುದಕ್ಕೆ ಎಡೆಗೊಡಬೇಕು ಎಂಬುದನ್ನು ನಿರ್ಣಯಿಸುವ ಕ್ರಮಕ್ಕೆ ಕಾರ್ಯವ್ಯವಸ್ಥೆ ಅಥವಾ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಅವುಗಳಲ್ಲಿ ಒಂದು ಜಾತಿಗೆ ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಮ್ ಎಂದೂ, ಸಂಕ್ಷೇಪವಾಗಿ ಆರ್‌ಟಿಓಎಸ್ ಎಂದೂ ಹೆಸರು. ಕಾಲನಿಷ್ಠ ಕಾರ್ಯವ್ಯವಸ್ಥೆಯೆಂದರೆ ಅದರ ಗುಣವು ಸರಿಯಾಗಿ ತಿಳಿಯುವುದು.

ಇಲ್ಲಿ ಜನರು ಸಾಮಾನ್ಯವಾಗಿ ಒಂದು ತಪ್ಪು ತಿಳಿವಳಿಕೆಗೆ ಒಳಗಾಗುತ್ತಾರೆ. ಕಾಲನಿಷ್ಠೆಯೆಂದರೆ ವೇಗವೆಂದು ಎಣಿಸುತ್ತಾರೆ. ಹಾಗಲ್ಲ. ಶಾಲೆಯ ಗಂಟೆ ಹೊಡೆಯುವವನು ಬಲು ಚುರುಕಿನವನಾಗಿರಬೇಕಾಗಿಲ್ಲ. ಗೊತ್ತಾದ ವೇಳೆಗೆ ತಪ್ಪದೆ ಹೊಡೆಯುವವನಾಗಿರಬೇಕು. ನೂರು ದಿನ ಸರಿಯಾದ ವೇಳೆಗೆ ಹೊಡೆದು, ಪರೀಕ್ಷೆಯ ದಿನ ಅರ್ಧ ಗಂಟೆ ತಡಮಾಡಿದರೆ, ಆ ನೂರು ದಿನಗಳ ಸರಾಸರಿಯನ್ನು ತೋರಿಸಿ ಸಮಾಧಾನ ಹೇಳುವುದಕ್ಕೆ ಆಗದು. ಹಾಗೆಯೇ ಕಾರ್ಯವ್ಯವಸ್ಥೆಯನ್ನು ಅಳೆಯುವಾಗ ಅದು ಸಾಮಾನ್ಯವಾಗಿ ಎಷ್ಟು ಬೇಗ ಉತ್ತರ ಕೊಡುವುದೆಂದು ನೋಡಿದರೆ ಸಾಲದು. ಅತ್ಯಂತ ಇಕ್ಕಟ್ಟಿನ ಗಳಿಗೆಯಲ್ಲಿ ಎಷ್ಟು ತಡಮಾಡೀತು ಎಂಬುದನ್ನು ನೋಡತಕ್ಕದ್ದು. ಈ ಲೇಖನದ ಸಾರವೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ.

ಗಡುವುಗಳಲ್ಲಿಯೂ ಭೇದವುಂಟು. ಹಾಡನ್ನು ಕೇಳಿಸುವ ಪೆಟ್ಟಿಗೆಯು ಒಂದು ಕ್ಷಣ ತಡಮಾಡಿದರೆ ಕಿವಿಗೆ ಅಹಿತವಾಗುವುದೇ ಹೊರತು ಬೇರೆ ಹಾನಿಯಿಲ್ಲ. ಇದನ್ನು ಮೃದುವಾದ ಗಡುವು ಎನ್ನುತ್ತಾರೆ. ಕಾರು ಡಿಕ್ಕಿ ಹೊಡೆದಾಗ ಉಬ್ಬಬೇಕಾದ ಗಾಳಿಚೀಲವು ತಡವಾಗಿ ಉಬ್ಬಿದರೆ ಉಬ್ಬದಿದ್ದಂತೆಯೇ. ಇದು ಕಠಿಣವಾದ ಗಡುವು. ತನ್ನ ಯಂತ್ರದ ಗಡುವುಗಳಲ್ಲಿ ಕಠಿಣವಾದವು ಯಾವುವು, ಮೃದುವಾದವು ಯಾವುವು ಎಂಬುದನ್ನು ಬರೆದಿಟ್ಟುಕೊಳ್ಳದೆ ಕಾರ್ಯವ್ಯವಸ್ಥೆಯನ್ನು ಆರಿಸಹೊರಡುವವನು, ಅಳತೆಯಿಲ್ಲದೆ ಬಟ್ಟೆ ಕತ್ತರಿಸುವ ಸಿಂಪಿಗನನ್ನು ಹೋಲುವನು.

ಇದನ್ನು ಒಂದು ಚಿಕ್ಕ ಲೆಕ್ಕದಿಂದ ನೋಡೋಣ. ನಾವು ಕಲ್ಪಿಸಿಕೊಂಡ ಒಂದು ವೆಂಟಿಲೇಟರಿನಲ್ಲಿ ಮೂರು ಕೆಲಸಗಳಿವೆಯೆಂದು ಇಟ್ಟುಕೊಳ್ಳಿರಿ. ಗಾಳಿಯ ಒತ್ತಡವನ್ನು 5 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 200 ಸಲ, ಓದಬೇಕು. ಅದಕ್ಕೆ 1 ಮಿಲಿಸೆಕೆಂಡು ಹಿಡಿಯುವುದು. ಗಾಳಿಯ ಕವಾಟವನ್ನು 10 ಮಿಲಿಸೆಕೆಂಡಿಗೊಮ್ಮೆ ತಿದ್ದಬೇಕು. ಅದಕ್ಕೆ 2 ಮಿಲಿಸೆಕೆಂಡು. ವೈದ್ಯರು ನೋಡುವ ಪರದೆಯ ಮೇಲೆ ಗೆರೆಗಳನ್ನು 100 ಮಿಲಿಸೆಕೆಂಡಿಗೊಮ್ಮೆ ಬರೆಯಬೇಕು. ಅದಕ್ಕೆ 20 ಮಿಲಿಸೆಕೆಂಡು. ಒಂದೊಂದು ಕೆಲಸವೂ ಗಣಕದ ವೇಳೆಯಲ್ಲಿ ನೂರಕ್ಕೆ 20ರಂತೆ ತೆಗೆದುಕೊಳ್ಳುವುದರಿಂದ ಒಟ್ಟು ನೂರಕ್ಕೆ 60 ಆಯಿತು. ನೂರಕ್ಕೆ 40 ವೇಳೆ ಬಿಡುವಾಗಿಯೇ ಇದೆಯಲ್ಲಾ, ಇನ್ನೇನು ಭಯ ಎಂದು ತೋರಬಹುದು. ಆದರೆ ಮೊದಲು ಹಿಡಿದ ಕೆಲಸವನ್ನು ಮುಗಿಸಿಯೇ ಮತ್ತೊಂದಕ್ಕೆ ಕೈಹಾಕುವುದೆಂಬ ಕ್ರಮವಿದ್ದರೆ, ಪರದೆಯನ್ನು ಬರೆಯುತ್ತಿರುವ 20 ಮಿಲಿಸೆಕೆಂಡುಗಳಲ್ಲಿ ನಾಲ್ಕು ಸಲ ಓದಬೇಕಾಗಿದ್ದ ಒತ್ತಡವನ್ನು ಒಂದು ಸಲವೂ ಓದಿದಂತಾಗುವುದಿಲ್ಲ. ವೇಳೆಯ ಕೊರತೆಯಿಲ್ಲದಿದ್ದರೂ ಕ್ರಮದ ಕೊರತೆಯಿಂದ ಗಡುವು ತಪ್ಪಿತು. ಗಣಕವನ್ನು ಎರಡರಷ್ಟು ವೇಗದ್ದಾಗಿ ಮಾಡಿದರೂ ಪರದೆಗೆ 10 ಮಿಲಿಸೆಕೆಂಡು ಹಿಡಿದೇ ಹಿಡಿಯುವುದು. ರೋಗವು ಹಾಗೆಯೇ ಉಳಿಯುವುದು.

ಇದಕ್ಕೆ ಪರಿಹಾರವು ಆದ್ಯತೆ. ಹೆಚ್ಚಿನ ಆದ್ಯತೆಯ ಕೆಲಸವು ಬಂದೊಡನೆ ಕಡಿಮೆ ಆದ್ಯತೆಯದು ಇದ್ದಲ್ಲಿಯೇ ನಿಂತು ದಾರಿ ಬಿಡಬೇಕು. 1973ರಲ್ಲಿ ಲಿಯು ಮತ್ತು ಲೇಲ್ಯಾಂಡ್ ಎಂಬ ಇಬ್ಬರು ವಿದ್ವಾಂಸರು ಇದಕ್ಕೊಂದು ನಿಯಮವನ್ನು ಗಣಿತದಿಂದ ಸಿದ್ಧಮಾಡಿ ತೋರಿಸಿದರು. ಪದೇಪದೇ ಬರುವ ಕೆಲಸಗಳಲ್ಲಿ ಯಾವುದು ಹೆಚ್ಚು ಸಲ ಬರುವುದೋ ಅದಕ್ಕೆ ಹೆಚ್ಚಿನ ಆದ್ಯತೆ ಕೊಡಬೇಕು. ಹಾಗೆ ಕೊಟ್ಟು, ಎಲ್ಲ ಕೆಲಸಗಳ ಒಟ್ಟು ಹೊರೆಯು ಗಣಕದ ವೇಳೆಯಲ್ಲಿ ಸುಮಾರು ನೂರಕ್ಕೆ 69ನ್ನು ಮೀರದಿದ್ದರೆ, ಕೆಲಸಗಳು ಎಷ್ಟೇ ಇದ್ದರೂ ಒಂದು ಗಡುವೂ ತಪ್ಪದು. ನಮ್ಮ ವೆಂಟಿಲೇಟರಿನ ಹೊರೆಯು ನೂರಕ್ಕೆ 60 ಆದುದರಿಂದ ಅದು ಕ್ಷೇಮವೆಂದು ಯಂತ್ರವನ್ನು ಕಟ್ಟುವ ಮುಂಚೆಯೇ ಕಾಗದದ ಮೇಲೆ ಹೇಳಬಹುದು. ಆದರೆ ಈ ನಿಯಮಕ್ಕೆ ಒಂದು ಕಟ್ಟು ಉಂಟು: ಒಂದು ಕೆಲಸವು ಮತ್ತೊಂದು ಕೆಲಸದ ಕೈಯಲ್ಲಿರುವ ವಸ್ತುವಿಗಾಗಿ ಕಾಯುವಂತಿರಬಾರದು. ಈ ಕಟ್ಟನ್ನು ಮರೆತರೆ ಆಗುವ ಕೇಡನ್ನು ಮುಂದೆ ಹೇಳುವೆವು.

ಆದ್ಯತೆಯ ಕ್ರಮವು ಎಂಥ ಆಪತ್ತಿನಲ್ಲಿ ಕೈಹಿಡಿಯಬಲ್ಲುದೆಂಬುದಕ್ಕೆ ಚಂದ್ರಯಾನದ ದೃಷ್ಟಾಂತವಿದೆ. 1969ನೆಯ ಇಸವಿ ಜುಲೈ 20ರಂದು ಅಮೆರಿಕದ ಅಪೊಲೊ 11 ನೌಕೆಯು ಚಂದ್ರನ ಮೇಲೆ ಇಳಿಯುತ್ತಿದ್ದಾಗ ಅದರ ಗಣಕವು 1202 ಎಂಬ ಎಚ್ಚರಿಕೆಯ ಅಂಕೆಯನ್ನು ತೋರಿಸತೊಡಗಿತು. ಆಗ ಬೇಡವಾಗಿದ್ದ ಒಂದು ರೇಡಾರಿನಿಂದ ಬರುತ್ತಿದ್ದ ಸಂಕೇತಗಳು ಗಣಕದ ವೇಳೆಯನ್ನು ಕದಿಯುತ್ತಿದ್ದುದರಿಂದ ಮಾಡಬೇಕಾದ ಕೆಲಸಗಳೆಲ್ಲಕ್ಕೂ ಎಡೆ ಸಾಲದಾಗಿತ್ತು. ಆ ಗಣಕದಲ್ಲಿ ಅಳಿಸಿ ಬರೆಯಬಹುದಾದ ನೆನಪಿನ ಮನೆಗಳು 2048 ಮಾತ್ರ. ಆದರೂ ಹಾಲ್ ಲ್ಯಾನಿಂಗ್ ಎಂಬವರು ರೂಪಿಸಿದ್ದ ಅದರ ಕಾರ್ಯವ್ಯವಸ್ಥೆಯು ಕೈಚೆಲ್ಲದೆ, ತನ್ನನ್ನು ತಾನೇ ಮತ್ತೆ ಪ್ರಾರಂಭಿಸಿಕೊಂಡು, ಕಡಿಮೆ ಆದ್ಯತೆಯ ಕೆಲಸಗಳನ್ನು ಬದಿಗೊತ್ತಿ, ನೌಕೆಯನ್ನು ಇಳಿಸುವ ಕೆಲಸವನ್ನು ಬಿಡದೆ ನಡೆಸಿತು. ಆ ಯಾತ್ರೆಯ ಗಣಕಗಳಿಗೆ ಆಜ್ಞಾವಳಿಯನ್ನು ಬರೆದ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದವರು ಮಾರ್ಗರೆಟ್ ಹ್ಯಾಮಿಲ್ಟನ್ ಎಂಬ ಮಹಿಳೆ. 2016ರಲ್ಲಿ ಅವರಿಗೆ ಆ ದೇಶದ ಅಧ್ಯಕ್ಷರ ಸ್ವಾತಂತ್ರ್ಯ ಪದಕವು ದೊರೆಯಿತು. ಆ ಆಜ್ಞೆಗಳನ್ನು ತಂತಿಗಳಲ್ಲಿ ನೆಯ್ದು ಶಾಶ್ವತವಾದ ನೆನಪಾಗಿ ಮಾಡಿದವರು ವಾಲ್ತಮ್ ಊರಿನ ರೇಥಿಯಾನ್ ಕಾರ್ಖಾನೆಯ ಹೆಂಗಸರು. ಒಂದು ತಂತಿ ಉಂಗುರದ ಒಳಗೆ ಹೋಗಬೇಕಾದಲ್ಲಿ ಹೊರಗೆ ಹೋದರೂ ಆಜ್ಞೆಯು ಬೇರೆಯಾಗಿಬಿಡುತ್ತಿತ್ತು.

ಇನ್ನು ಆದ್ಯತೆಯಿದ್ದೂ ಕೆಲಸವು ಕೆಡುವ ಬಗೆಯನ್ನು ಹೇಳುತ್ತೇವೆ. ಒಂದು ಶಾಲೆಯ ಕಛೇರಿಯಲ್ಲಿ ಒಂದೇ ಮೇಜು ಇದೆಯೆಂದೂ, ಹೆಚ್ಚಿನ ಪದವಿಯವರು ಬಂದರೆ ಕಡಿಮೆ ಪದವಿಯವರು ಮೇಜನ್ನು ಬಿಟ್ಟು ಏಳಬೇಕೆಂದೂ ಇಟ್ಟುಕೊಳ್ಳಿರಿ. ಕಿರಿಯ ಸಹಾಯಕಿಯು ಹಾಜರಿ ಪುಸ್ತಕವನ್ನು ತೆರೆದು ಬರೆಯುತ್ತಿದ್ದಾಳೆ. ಆಗ ಮುಖ್ಯೋಪಾಧ್ಯಾಯಿನಿಯವರು ಬಂದರು; ಸಹಾಯಕಿ ಎದ್ದಳು. ಆದರೆ ಅವರಿಗೂ ಅದೇ ಪುಸ್ತಕವು ಬೇಕಾಗಿದೆ. ಅರ್ಧ ಬರೆದ ಪುಟವನ್ನು ಇನ್ನೊಬ್ಬರು ಮುಟ್ಟಿದರೆ ಲೆಕ್ಕವು ಕೆಡುವುದು. ಆದುದರಿಂದ ಬೇಗ ಬರೆದು ಮುಗಿಸೆಂದು ಸಹಾಯಕಿಯನ್ನೇ ಮತ್ತೆ ಕೂರಿಸಿ ತಾವು ಹೊರಗೆ ಕಾದರು. ಅಷ್ಟರಲ್ಲಿ ಗುಮಾಸ್ತೆಯು ಕಾಗದಗಳ ದೊಡ್ಡ ಕಟ್ಟಿನೊಡನೆ ಬಂದಳು. ಸಹಾಯಕಿಗಿಂತ ಅವಳ ಪದವಿಯು ಹೆಚ್ಚಾದುದರಿಂದ ಸಹಾಯಕಿ ಎದ್ದು ನಿಂತಳು. ಗುಮಾಸ್ತೆ ಗಂಟೆಗಟ್ಟಲೆ ಬರೆಯುತ್ತ ಕುಳಿತಳು. ಪರಿಣಾಮವೇನೆಂದರೆ, ಎಲ್ಲರಿಗಿಂತ ಹಿರಿಯರಾದ ಮುಖ್ಯೋಪಾಧ್ಯಾಯಿನಿಯವರು, ಪುಸ್ತಕದ ಗೊಡವೆಯೇ ಇಲ್ಲದ ಗುಮಾಸ್ತೆಗಾಗಿ ಕಾಯಬೇಕಾಯಿತು. ನಿಯಮವನ್ನು ಯಾರೂ ಮುರಿಯಲಿಲ್ಲ. ಆದರೂ ಕ್ರಮವು ತಲೆಕೆಳಗಾಯಿತು. ಗಣಕಶಾಸ್ತ್ರದಲ್ಲಿ ಇದಕ್ಕೆ ಆದ್ಯತೆಯ ವಿಪರ್ಯಾಸವೆನ್ನಬಹುದು.

ಇದಕ್ಕೆ ಮದ್ದೂ ಉಂಟು. ಹಿರಿಯರು ಕಾಯುತ್ತಿರುವ ವಸ್ತುವು ಕಿರಿಯಳ ಕೈಯಲ್ಲಿರುವ ತನಕ ಕಿರಿಯಳಿಗೆ ಹಿರಿಯರ ಪದವಿಯನ್ನೇ ಕೊಟ್ಟಿರಬೇಕು. ಆಗ ಗುಮಾಸ್ತೆ ಅವಳನ್ನು ಏಳಿಸಲಾರಳು. ಪುಸ್ತಕವನ್ನು ಮುಚ್ಚಿದೊಡನೆ ಅವಳು ತನ್ನ ಮೊದಲಿನ ಪದವಿಗೆ ಇಳಿಯುವಳು. ಶಾ, ರಾಜಕುಮಾರ್, ಲೆಹೋಸ್ಕಿ ಎಂಬ ಮೂವರು ಪಂಡಿತರು 1990ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಈ ಉಪಾಯವನ್ನು ಗಣಿತಪೂರ್ವಕವಾಗಿ ವಿವೇಚಿಸಿದರು. ಇದನ್ನು ಆದ್ಯತೆಯ ಉತ್ತರಾಧಿಕಾರವೆಂದು ಕರೆಯೋಣ.

ಮದ್ದು ಕೈಯಲ್ಲಿದ್ದೂ ರೋಗವು ಕಾಣಿಸಿಕೊಂಡ ಪ್ರಸಂಗವು ಮಂಗಳಗ್ರಹದಲ್ಲಿ ನಡೆಯಿತು. 1997ರ ಜುಲೈ 4ರಂದು ಅಮೆರಿಕದವರ ಪಾತ್‌ಫೈಂಡರ್ ನೌಕೆಯು ಅಲ್ಲಿ ಕ್ಷೇಮವಾಗಿ ಇಳಿಯಿತು. ಅದರ ಗಣಕವನ್ನು ನಡೆಸುತ್ತಿದ್ದುದು ವಿಎಕ್ಸ್‌ವರ್ಕ್ಸ್ ಎಂಬ ಹೆಸರಾಂತ ಕಾಲನಿಷ್ಠ ವ್ಯವಸ್ಥೆ. ನೌಕೆಯು ಹವೆಯ ವರ್ತಮಾನವನ್ನು ಸಂಗ್ರಹಿಸಲಾರಂಭಿಸಿ ಕೆಲವು ದಿನಗಳೊಳಗಾಗಿ ಗಣಕವು ಮಧ್ಯೆ ಮಧ್ಯೆ ತಾನಾಗಿಯೇ ಮೊದಲಿನಿಂದ ಪ್ರಾರಂಭವಾಗತೊಡಗಿತು. ಹಾಗಾದಾಗಲೆಲ್ಲ ಆ ದಿನ ಮಾಡಬೇಕಾಗಿದ್ದ ಉಳಿದ ಕೆಲಸವು ಮರುದಿನಕ್ಕೆ ಬೀಳುತ್ತಿತ್ತು.

ನಡೆದುದು ನಾವು ಹೇಳಿದ ಕಛೇರಿಯ ಕಥೆಯೇ. ನೌಕೆಯ ಅಂಗಾಂಗಗಳಿಗೆ ವರ್ತಮಾನವನ್ನು ಸಾಗಿಸುವ ಹಿರಿಯ ಕೆಲಸವೊಂದು ಸೆಕೆಂಡಿಗೆ ಎಂಟು ಸಲ ನಡೆಯಬೇಕಾಗಿತ್ತು. ಹವೆಯನ್ನು ನೋಡುವ ಕಿರಿಯ ಕೆಲಸವು ಒಂದು ಬೀಗವನ್ನು ಹಿಡಿದಿರುವಾಗ ನಡುವಣ ಆದ್ಯತೆಯ ಕೆಲಸಗಳು ಬಂದು ಅದನ್ನು ತಡೆದುವು. ಹಿರಿಯ ಕೆಲಸವು ಬೀಗಕ್ಕಾಗಿ ಕಾಯುತ್ತ ತನ್ನ ಗಡುವನ್ನು ತಪ್ಪಿಸಿತು. ಗಡುವು ತಪ್ಪಿದ್ದನ್ನು ಕಂಡ ಕಾವಲಿನ ಕೆಲಸವು, ಏನೋ ಕೆಟ್ಟಿದೆಯೆಂದು ಗಣಕವನ್ನು ಮತ್ತೆ ಪ್ರಾರಂಭಿಸಿತು. ವಿಎಕ್ಸ್‌ವರ್ಕ್ಸ್‌ನಲ್ಲಿ ಉತ್ತರಾಧಿಕಾರದ ಉಪಾಯವಿತ್ತು. ಆದರೆ ಆ ಒಂದು ಬೀಗಕ್ಕೆ ಅದನ್ನು ಹಚ್ಚಿರಲಿಲ್ಲ. ಆ ಬೀಗವು ನೌಕೆಯ ಎಂಜಿನಿಯರರು ತಾವಾಗಿ ಬರೆದ ಭಾಗದಲ್ಲಿರದೆ, ವ್ಯವಸ್ಥೆಯೊಡನೆ ಬಂದ ಭಾಗದೊಳಗೆ ಅಡಗಿತ್ತು. ನೌಕೆಯು ಭೂಮಿಯನ್ನು ಬಿಡುವ ಮೊದಲು ನಡೆದ ಪರೀಕ್ಷೆಗಳಲ್ಲಿಯೂ ಇಂಥ ಪುನಃಪ್ರಾರಂಭವು ಕಾಣಿಸಿಕೊಂಡಿತ್ತಾದರೂ, ಹುಡುಕಹೋದಾಗ ಮತ್ತೆ ಕಾಣಿಸಿಕೊಂಡಿರಲಿಲ್ಲ.

ಇದನ್ನು ಸರಿಪಡಿಸಿದ ಬಗೆಯೂ ಕಲಿಯತಕ್ಕದ್ದು. ಭೂಮಿಯಲ್ಲಿದ್ದ ತದ್ರೂಪಿ ನೌಕೆಯ ಮೇಲೆ ಅವರು ಅದೇ ಕೆಲಸಗಳನ್ನು ನಡೆಸಿ, ಗಣಕದೊಳಗೆ ಕ್ಷಣಕ್ಷಣಕ್ಕೂ ಏನಾಗುತ್ತಿದೆಯೆಂಬ ದಿನಚರಿಯನ್ನು ಬರೆಯಿಸಿಕೊಂಡರು. ದೋಷವು ಮತ್ತೆ ಕಾಣಿಸಿಕೊಂಡಿತು. ಕಾರಣವು ದಿನಚರಿಯಲ್ಲಿ ಸಿಕ್ಕಿತು. ಆ ಬೀಗಕ್ಕೆ ಉತ್ತರಾಧಿಕಾರವನ್ನು ಹಚ್ಚುವ ಚಿಕ್ಕ ತಿದ್ದುಪಡಿಯನ್ನು ಆಕಾಶಮಾರ್ಗವಾಗಿ ಮಂಗಳಕ್ಕೆ ಕಳುಹಿಸಿದರು. ಬಳಿಕ ಆ ತೊಂದರೆಯು ನಿಂತಿತು. ಹೀಗಿರಲಾಗಿ, ಒಳ್ಳೆಯ ಹೆಸರಿನ ವ್ಯವಸ್ಥೆಯನ್ನು ಆರಿಸಿದೊಡನೆ ಕೆಲಸವು ಮುಗಿಯಲಿಲ್ಲವೆಂದೂ, ಒಳಗೆ ನಡೆಯುವುದನ್ನು ಕಣ್ಣಾರೆ ನೋಡಲು ಎಡೆಗೊಡದ ವ್ಯವಸ್ಥೆಯು ಎಷ್ಟು ಅಗ್ಗವಾದರೂ ದುಬಾರಿಯೆಂದೂ ತಿಳಿಯಬೇಕು.

ಈಗ ಆರಿಸುವವರು ಕ್ರಮವಾಗಿ ಕೇಳಿಕೊಳ್ಳತಕ್ಕ ಪ್ರಶ್ನೆಗಳನ್ನು ಹೇಳುತ್ತೇವೆ.

ಮೊದಲನೆಯದು, ಕಾರ್ಯವ್ಯವಸ್ಥೆಯು ಬೇಕೇ ಎಂಬುದು. ಒಂದೆರಡು ಗುಂಡಿಗಳನ್ನು ನೋಡಿ ಒಂದು ಮೋಟಾರನ್ನು ತಿರುಗಿಸುವ ಯಂತ್ರಕ್ಕೆ, ಕೆಲಸಗಳನ್ನು ಒಂದಾದ ಮೇಲೊಂದರಂತೆ ಸುತ್ತುಸುತ್ತಾಗಿ ಮಾಡುವ ಸರಳವಾದ ಆಜ್ಞಾವಳಿಯೇ ಸಾಕು. ಬೇಡದ ವ್ಯವಸ್ಥೆಯನ್ನು ತಂದಿಟ್ಟುಕೊಂಡರೆ ಬೇಡದ ಬೀಗಗಳೂ ಅವುಗಳ ತೊಡಕುಗಳೂ ಜೊತೆಯಲ್ಲಿ ಬರುವುವು.

ಎರಡನೆಯದು, ನೆನಪಿನ ಸ್ಥಳವೆಷ್ಟು ಎಂಬುದು. ಚಿಕ್ಕ ಗಣಕಗಳಲ್ಲಿ ಇರುವುದು ಕೆಲವು ಹತ್ತು ಕಿಲೋಬೈಟುಗಳ ನೆನಪು ಮಾತ್ರ. ಅಲ್ಲಿಗೆ ಹತ್ತು ಕಿಲೋಬೈಟಿನ ಆಸುಪಾಸಿನಲ್ಲಿ ಅಡಗುವ ಫ್ರೀಆರ್‌ಟಿಓಎಸ್‌ನಂಥ ವ್ಯವಸ್ಥೆ ಹೊಂದುವುದು. ಇದನ್ನು ರಿಚರ್ಡ್ ಬ್ಯಾರಿ ಎಂಬವರು ಸುಮಾರು 2003ರಲ್ಲಿ ರಚಿಸಿದರು. 2017ರಿಂದ ಅಮೆಜಾನ್ ಕಂಪೆನಿಯು ಅದನ್ನು ನೋಡಿಕೊಳ್ಳುತ್ತಿದೆ. ಲಿನಕ್ಸ್ ಎಂಬ ದೊಡ್ಡ ವ್ಯವಸ್ಥೆಗೆ ಮೆಗಾಬೈಟುಗಳಷ್ಟು ನೆನಪು ಬೇಕು. ಬಹುಕಾಲದ ಯತ್ನದ ಬಳಿಕ, ಕಾಲನಿಷ್ಠೆಯನ್ನು ಕೊಡುವ ಭಾಗವು 2024ರ ನವೆಂಬರಿನಲ್ಲಿ ಬಿಡುಗಡೆಯಾದ 6.12ನೆಯ ಆವೃತ್ತಿಯಲ್ಲಿ ಲಿನಕ್ಸಿನ ಮೂಲದೊಳಗೆ ಸೇರಿತು. ಪರದೆ, ಜಾಲಸಂಪರ್ಕ, ಕಡತಗಳು ಎಲ್ಲವೂ ಬೇಕಾದ ಯಂತ್ರಕ್ಕೆ ಅದನ್ನು ಬಳಸಬಹುದು. ಕಠಿಣವಾದ ಗಡುವುಗಳನ್ನು ಬೇರೊಂದು ಚಿಕ್ಕ ಗಣಕಕ್ಕೆ ಒಪ್ಪಿಸಿ ಪರದೆಯ ಕೆಲಸವನ್ನು ಮಾತ್ರ ಲಿನಕ್ಸಿಗೆ ಬಿಡುವುದು ಅನೇಕ ವೇಳೆ ಇನ್ನೂ ಲೇಸು.

ಮೂರನೆಯದು, ಬೀಗಗಳ ಸ್ವಭಾವವೇನು ಎಂಬುದು. ಫ್ರೀಆರ್‌ಟಿಓಎಸ್‌ನಲ್ಲಿ ಮ್ಯೂಟೆಕ್ಸ್ ಎಂಬ ಬೀಗಕ್ಕೆ ಆದ್ಯತೆಯ ಉತ್ತರಾಧಿಕಾರ ಉಂಟು. ನೋಡುವುದಕ್ಕೆ ಅದರಂತೆಯೇ ಇರುವ ಬೈನರಿ ಸೆಮಫೋರಿಗೆ ಇಲ್ಲ. ಎರಡರ ಭೇದವನ್ನು ಅರಿಯದವರು ಮಂಗಳದಲ್ಲಿ ಕಂಡ ದೋಷವನ್ನು ತಮ್ಮ ಮೇಜಿನ ಮೇಲೆಯೇ ಕಂಡಾರು.

ನಾಲ್ಕನೆಯದು, ಪ್ರಾಣಕ್ಕೆ ಸಂಬಂಧವುಂಟೇ ಎಂಬುದು. ವೈದ್ಯೋಪಕರಣಗಳ ಆಜ್ಞಾವಳಿಗೆ ಐಇಸಿ 62304 ಎಂಬ ನಿಬಂಧನೆಯೂ, ಮೋಟಾರು ಗಾಡಿಗಳಿಗೆ ಐಎಸ್ಓ 26262 ಎಂಬುದೂ, ವಿಮಾನಗಳಿಗೆ ಡಿಓ-178ಸಿ ಎಂಬುದೂ ಇವೆ. ಇಂಥ ಕಡೆ, ಪ್ರಮಾಣಪತ್ರಕ್ಕೆ ಬೇಕಾದ ದಾಖಲೆಗಳನ್ನು ಜೊತೆಗೆ ಒದಗಿಸುವ ವಿಎಕ್ಸ್‌ವರ್ಕ್ಸ್, ಕ್ಯೂಎನ್ಎಕ್ಸ್ ಮೊದಲಾದವುಗಳಿಗೆ ಹಣ ಕೊಡುವುದು ದುಂದಾಗಲಾರದು. ತಾವೇ ಒಂದು ವ್ಯವಸ್ಥೆಯನ್ನು ಬರೆದುಕೊಳ್ಳುವೆವೆಂಬವರು ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾಯಂತ್ರದ ಕಥೆಯನ್ನು ಓದಬೇಕು. 1985ರಿಂದ 1987ರ ವರೆಗೆ ಉತ್ತರ ಅಮೆರಿಕದಲ್ಲಿ ಆರು ಮಂದಿ ರೋಗಿಗಳು ಅದರಿಂದ ಮಿತಿಮೀರಿದ ವಿಕಿರಣಕ್ಕೆ ಗುರಿಯಾದರು. ಅವರಲ್ಲಿ ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಆ ಯಂತ್ರದ ಕಾಲನಿಷ್ಠ ವ್ಯವಸ್ಥೆಯನ್ನು ಅದಕ್ಕೆಂದೇ ಬರೆಯಲಾಗಿತ್ತು. ಹಲವು ಕೆಲಸಗಳು ಒಂದೇ ನೆನಪಿನ ಮನೆಯನ್ನು ತಕ್ಕ ಬೀಗವಿಲ್ಲದೆ ಮುಟ್ಟುತ್ತಿದ್ದುದರಿಂದ, ಯಂತ್ರವನ್ನು ನಡೆಸುವವರು ಚುರುಕಾಗಿ ತಿದ್ದಿದ ಅಂಕೆಗಳು ಒಂದು ಭಾಗಕ್ಕೆ ತಿಳಿದು ಮತ್ತೊಂದಕ್ಕೆ ತಿಳಿಯದೆ ಹೋಗುತ್ತಿದ್ದುವು. ಹಿಂದಿನ ಯಂತ್ರಗಳಲ್ಲಿದ್ದ, ಗಣಕವನ್ನು ನಂಬದೆ ಪ್ರತ್ಯೇಕವಾಗಿ ತಡೆಯುವ ಕೀಲುಗಳನ್ನು ಇದರಲ್ಲಿ ತೆಗೆದುಹಾಕಲಾಗಿತ್ತು. ನ್ಯಾನ್ಸಿ ಲೆವೆಸನ್ ಎಂಬ ವಿದುಷಿಯು ಕ್ಲಾರ್ಕ್ ಟರ್ನರ್ ಎಂಬವರೊಡನೆ 1993ರಲ್ಲಿ ಇದನ್ನು ವಿವರವಾಗಿ ಬರೆದು ಪ್ರಕಟಿಸಿದರು.

ಐದನೆಯದು, ವ್ಯವಸ್ಥೆಯು ಯಾರ ಕೈಯಲ್ಲಿದೆ, ಎಷ್ಟು ಕಾಲ ಉಳಿದೀತು ಎಂಬುದು. ಆಸ್ಪತ್ರೆಯ ಯಂತ್ರಗಳೂ ಕಾರ್ಖಾನೆಯ ಯಂತ್ರಗಳೂ ಹತ್ತಿಪ್ಪತ್ತು ವರ್ಷ ಬಾಳತಕ್ಕವು. ವ್ಯವಸ್ಥೆಗಳ ಒಡೆತನವಾದರೋ ಅದಕ್ಕಿಂತ ಬೇಗ ಬದಲಾಗುತ್ತದೆ. ಥ್ರೆಡ್‌ಎಕ್ಸ್ ಎಂಬ ವ್ಯವಸ್ಥೆಯು 2019ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯ ಕೈಸೇರಿ, ಅದನ್ನು ಎಕ್ಲಿಪ್ಸ್ ಸಂಸ್ಥೆಗೆ ಒಪ್ಪಿಸುವುದಾಗಿ 2023ರಲ್ಲಿ ಪ್ರಕಟವಾಯಿತು. ಮೂಲವು ಎಲ್ಲರಿಗೂ ತೆರೆದಿರುವ ವ್ಯವಸ್ಥೆಯಾದರೆ, ಒಡೆಯನು ಕೈಬಿಟ್ಟರೂ ಬಳಸುವವರು ಅದನ್ನು ತಾವೇ ಕಾಪಾಡಿಕೊಳ್ಳಬಹುದು. 2016ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಹೊರಬಂದ ಜೆಫಿರ್ ಈ ಬಗೆಯದು. ಅದು ಬೇರೆಬೇರೆ ಕಂಪೆನಿಗಳ ಗಣಕಗಳ ಮೇಲೆ ನಡೆಯುವುದಲ್ಲದೆ, ನಿಸ್ತಂತು ಸಂಪರ್ಕ ಮೊದಲಾದ ಸೌಕರ್ಯಗಳನ್ನೂ ತನ್ನೊಡನೆ ತರುತ್ತದೆ. ಆದರೆ ಅದನ್ನು ಕಲಿಯಲು ಫ್ರೀಆರ್‌ಟಿಓಎಸ್‌ಗಿಂತ ಹೆಚ್ಚು ದಿನ ಹಿಡಿಯುವುದು.

ಕೊನೆಯದು, ಕೆಲಸ ಮಾಡುವವರು ಅದನ್ನು ಬಲ್ಲರೇ ಎಂಬುದು. ತಂಡದಲ್ಲಿ ಒಬ್ಬರಿಗೂ ಸರಿಯಾಗಿ ತಿಳಿಯದ ಶ್ರೇಷ್ಠವಾದ ವ್ಯವಸ್ಥೆಗಿಂತ, ಎಲ್ಲರೂ ಮೂಲವನ್ನು ಓದಿ ಅರಿತಿರುವ ಸಾಧಾರಣವಾದ ವ್ಯವಸ್ಥೆಯು ಕ್ಷೇಮಕರವಾದುದು.

ಇಷ್ಟನ್ನು ಓದಿದ ಮೇಲೆ ತಾಯಿತಂದೆಗಳಿಗೆ ಒಂದು ಮಾತು ಹೊಳೆಯಬಹುದು. ಈ ಕೆಲಸದಲ್ಲಿ ಮುಖ್ಯವಾದುದು ಕೈಚಳಕವಲ್ಲ. ಯಾವ ಕೆಲಸವು ಎಷ್ಟರೊಳಗೆ ಆಗಬೇಕು, ಆಗದಿದ್ದರೆ ಯಾರಿಗೆ ಕೇಡು ಎಂಬುದನ್ನು ಬೇಸರವಿಲ್ಲದೆ ಪಟ್ಟಿಮಾಡುವ ತಾಳ್ಮೆ. ಒಂದೇ ಒಂದು ಸಲ ಕಾಣಿಸಿ ಮಾಯವಾದ ದೋಷವನ್ನು ಸಣ್ಣದೆಂದು ಬಿಡದೆ ಬೆನ್ನುಹತ್ತುವ ನಿಷ್ಠೆ. ಬೆಂಗಳೂರಿನಲ್ಲಾಗಲಿ ಹೊರದೇಶದಲ್ಲಾಗಲಿ ಇಂಥ ಉದ್ಯೋಗದಲ್ಲಿರುವ ಮಗಳು ಮನೆಗೆ ತಡವಾಗಿ ಬಂದು, ಇಂದು ಇಡೀ ದಿನ ಮೂರು ಮಿಲಿಸೆಕೆಂಡನ್ನು ಹುಡುಕುತ್ತಿದ್ದೆನೆಂದು ಹೇಳಿದರೆ ನಗಬಾರದು. ಆ ಮೂರು ಮಿಲಿಸೆಕೆಂಡುಗಳಲ್ಲಿ ಯಾರದೋ ಮಗುವಿನ ಉಸಿರು ಇದ್ದೀತು. ಯಾವ ವ್ಯವಸ್ಥೆಯು ಎಲ್ಲಕ್ಕಿಂತ ಉತ್ತಮವೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೇ: ನಿಮ್ಮ ಯಂತ್ರವನ್ನು ನಂಬಿದವರಿಗೆ ಅತ್ಯಂತ ಕೆಟ್ಟ ಗಳಿಗೆ ಯಾವುದೋ, ಆ ಗಳಿಗೆಯಲ್ಲಿ ಮಾತು ತಪ್ಪದೆಂದು ನೀವು ಲೆಕ್ಕಹಾಕಿ ತೋರಿಸಬಲ್ಲ ವ್ಯವಸ್ಥೆಯೇ ಉತ್ತಮವು.